ಅಮೃತಪ್ಪನ ಬರೋಬ್ಬರಿ

ಮುಂಬಯಿ ಹತ್ತಿರದ ಕಲ್ಯಾಣದ ಮದುವೆ ಹಾಲ್ ಒಂದರಿಂದ ಕೇಸರಿ ರುಮಾಲು ಸುತ್ತಿದ ಮನುಷ್ಯನೊಬ್ಬ ಓಡಿಬಂದು, ರಿಕ್ಷಾ ಹತ್ತಿ, "ಡೊಂಬಿವಲಿ ಎಂಐಡಿಸಿ, ಜಲ್ದಿ!" ಅಂದದ್ದನ್ನು ನೀವು ಕಂಡಿದ್ದರೆ ಏನೆಂದುಕೊಳ್ಳುತ್ತಿದ್ದಿರಿ? ಬೀಗರ ನಡುವೆ ಜಗಳ ಬಿತ್ತು ಅಂತಲೇ. ಜಗಳ ಏನೂ ಇರಲಿಲ್ಲ. ಓಡಿದವನು ಮದುಮಗಳ ಅಪ್ಪ ಅಮೃತಪ್ಪ. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಕಾರ್ಖಾನೆಯಿಂದ ಫೋನು ಬಂದಿತ್ತು: ರಬ್ಬರ್ ಅದುಮುವ ದೊಡ್ಡ ಪ್ರೆಸ್ಸು ಹಟ ಹಿಡಿದಿದೆ, ನೀವೇ ಬರಬೇಕು.

ರುಮಾಲು ಬಿಚ್ಚದೆಯೇ ಪ್ರೆಸ್ಸು ಸರಿಮಾಡಿ ಅವನು ತಿರುಗಿ ಬರುವಷ್ಟರಲ್ಲಿ ಜನ ಊಟ ಮುಗಿಸಿ ಎಲೆಯಡಿಕೆ ಜಗಿಯುತ್ತಿದ್ದರು. ಮದುವೆಯ ಆಲ್ಬಮ್ಮಿನಲ್ಲಿ ಅಪ್ಪ ನಿಲ್ಲಬೇಕಾದ ಜಾಗದಲ್ಲಿ ಇವತ್ತಿಗೂ ಸೋದರಮಾವ ನಿಂತಿದ್ದಾನೆ.

ಅಮೃತಪ್ಪ ವಿಜಯಪುರದ ಕಡೆಯವನು. ಮನೆ ಡೊಂಬಿವಲಿಯ ಪಕ್ಕದ ಠಾಕುರ್ಲಿಯಲ್ಲಿ. ಕುಕ್ಕರಿನ ಮುಚ್ಚಳದೊಳಗೆ ಕೂಡಿಸುವ ರಬ್ಬರಿನ ಬಳೆ ಇದೆಯಲ್ಲ, ಗ್ಯಾಸ್ಕೆಟ್, ಅದನ್ನು ಮಾಡುವ ಕಾರ್ಖಾನೆಯಲ್ಲಿ ಕೆಲಸ. ಅಚ್ಚಿನೊಳಗೆ ರಬ್ಬರ್ ಪಟ್ಟಿ ಇಟ್ಟರೆ ಪ್ರೆಸ್ಸು ಅದನ್ನು ಬಿಸಿಮಾಡಿ ಅದುಮುತ್ತದೆ. ಅದುಮಿದ್ದು ಕಡಿಮೆಯಾದರೆ ಗ್ಯಾಸ್ಕೆಟ್ ಅರೆಬರೆ, ಹೆಚ್ಚಾದರೆ ರಬ್ಬರ್ ಅಂಚಿನಿಂದ ಹೊರಗೆ. ನಡುವೆ ಒಮ್ಮೆ ಪ್ರೆಸ್ಸನ್ನು ತುಸು ಎತ್ತಿ ಒಳಗಿನ ಗಾಳಿ ಬಿಡಬೇಕು, ಇಲ್ಲವಾದರೆ ಗುಳ್ಳೆ ಬೀಳುತ್ತದೆ. ಇದಕ್ಕೆ ಅಮೃತಪ್ಪ ಇಟ್ಟ ಹೆಸರು ಉಸಿರು ಬಿಡಿಸುವುದು.

"ಈಕಿ ನನ್ನ ಬಿಟ್ಟು ಯಾರ ಮಾತೂ ಕೇಳಂಗಿಲ್ಲ" ಎಂದು ಪ್ರೆಸ್ಸಿನ ಬೆನ್ನು ತಟ್ಟಿ ಹೇಳುವುದೆಂದರೆ ಅವನಿಗೆ ಹಬ್ಬ. ಮನೆಯಲ್ಲಿ ಹೆಂಡತಿ ರತ್ನಾಬಾಯಿ ಕೇಳುತ್ತಿದ್ದಳು, "ಏನ್ರೀ, ನಮ್ಮ ಸವತಿ ಹೆಂಗದಾಳ? ಇವತ್ತರೆ ಉಂಡಳೋ ಇಲ್ಲೋ?"

ಹೀಗಿರುವಾಗ ಮಗಳು ಶಿವಾನಿ ಬಸುರಿಯಾದಳು. ಘೋಡಬಂದರ್ ರಸ್ತೆಯ ಅವಳ ಮನೆಯಿರುವ ಸೊಸೈಟಿಯ ಹಾಲ್‌ನಲ್ಲೇ ಕುಬಸದ, ಅಂದರೆ ಸೀಮಂತದ, ಕಾರ್ಯಕ್ರಮ ಗೊತ್ತಾಯಿತು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು, ಬುತ್ತಿ, ಎಲ್ಲವೂ ತವರಿನಿಂದ ಬರಬೇಕು. ಶಿವಾನಿ ಫೋನಿನಲ್ಲಿ ಒಂದೇ ಮಾತು ಅಂದಳು: "ಅಪ್ಪಾ, ಸೀರಿ ಬಳಿ ಕುಛ್ ನಹಿ ಚಾಹಿಯೆ. ನೀನು ಮಾತ್ರ ಶುರುವಿನಿಂದ ಲಾಸ್ಟ್ ತನಕ ಕೂಡಬೇಕು. ಫೋಟೋದಾಗ ಮಾಮಾ ಬ್ಯಾಡ. ಪ್ರಾಮಿಸ್?"

"ಪ್ರಾಮಿಸ್" ಅಂದ ಅಮೃತಪ್ಪ. ಅಂದಮೇಲೆ ಬೆವೆತ.

ಮರುದಿನ ಮಾಲೀಕ ಪ್ರೇಮನಾಥರ ಮುಂದೆ ನಿಂತ. ಉಡುಪಿಯ ಕಡೆಯವರು, ನಗುಮುಖದವರು. "ರಜೆ ಕೊಡ್ಲಿಕ್ಕೆ ನನಗೇನೂ ಬೇಜಾರಿಲ್ಲ ಮಾರಾಯ್ರೇ. ಆದ್ರೆ ಆವತ್ತು ಪ್ರೆಸ್ಸು ನಿಂತ್ರೆ? ದೊಡ್ಡ ಆರ್ಡರ್ ಉಂಟು. ನಾನು ಫೋನ್ ಮಾಡ್ತೇನೆ, ನೀವು ಓಡಿ ಬರ್ತೀರಿ. ಅದಕ್ಕೆ ಹೇಳುದು, ನಿಮ್ಮ ತಲೆಯೊಳಗೆ ಇರುದನ್ನು ಮೊದಲು ಹೊರಗೆ ಹಾಕಿ. ನಿಮ್ಮ ಕೈಕೆಳಗಿನ ಹುಡುಗಿ ಭಾಗ್ಯಾಳಿಗೆ ಕಲಿಸಿ. ಅವಳು ಒಂದು ದಿನ ನಡೆಸಿ ತೋರಿಸ್ಲಿ, ಮತ್ತೆ ನೀವು ಆರಾಮದಲ್ಲಿ ಹೋಗಿ."

ಈ ಮಾತು ಹೊಸದಲ್ಲ. ದಿನದಿನವೂ ಕೆಲಸ ಇಷ್ಟಿಷ್ಟು ಸುಧಾರಿಸಬೇಕು, ಒಬ್ಬನಿಗೆ ತಿಳಿದದ್ದು ಎಲ್ಲರಿಗೂ ತಿಳಿಯಬೇಕು ಎಂದು ಕಾರ್ಖಾನೆಯಲ್ಲಿ ಕೈಜೆನ್ ಹೆಸರಿನ ಬೋರ್ಡು ಹಾಕಿ ಬಹಳ ಕಾಲವಾಗಿತ್ತು. ಅಮೃತಪ್ಪ ಆ ಬೋರ್ಡಿನ ಮೊಳೆಗೆ ತನ್ನ ಊಟದ ಡಬ್ಬಿಯ ಚೀಲ ನೇತುಹಾಕುತ್ತಿದ್ದ. "ತಲ್ಯಾಗಿಂದು ತಗದು ಗ್ವಾಡಿಗೆ ಹಚ್ಚಿದ ಮ್ಯಾಲ ತಲಿ ಯಾತಕ್ಕ ಬೇಕ್ರಿ?" ಎಂಬುದು ಅವನ ವಾದ. ಈಗ ಆ ವಾದ ಬಿಟ್ಟು "ಆತ್ರಿ" ಅಂದ.

ಒಬ್ಬೊಬ್ಬರ ಕೈಚಳಕವನ್ನು ಮೊಬೈಲಿನಲ್ಲಿ ಹಿಡಿದು, ಯಂತ್ರದ ಪಕ್ಕ ತೂಗುಹಾಕುವ ಕಾರ್ಡು ಮಾಡುವ ಕೆಲಸ ಎಂಜಿನಿಯರ್ ಅನಿಲಕುಮಾರನದು. ಮೈಸೂರಿನವನು, ಮುಂಬಯಿಯ ಕಡೆಗೆ ಹೊಸಬ. "ಹಿಂದೀಲಿ ಹೇಳಿ ಸಾರ್" ಅಂದರೆ ಅಮೃತಪ್ಪ ಕ್ಯಾಮೆರಾ ಮುಂದೆ ಕಂಬದಂತೆ ನಿಂತುಬಿಟ್ಟ. "ಸರಿ, ಕನ್ನಡದಲ್ಲೇ ಹೇಳಿ" ಅಂದದ್ದೇ ತಡ, ನಲ್ಲಿ ಬಿಟ್ಟ ಹಾಗೆ ಮಾತು. ಅದನ್ನೆಲ್ಲ ಕೇಳಿ ಅನಿಲಕುಮಾರ, ಕನ್ನಡ ಓದಲು ಬಾರದವರಿಗೂ ತಿಳಿಯಲೆಂದು, ಹಿಂದಿಯಲ್ಲಿ ಚಂದದ ಕಾರ್ಡು ಬರೆದ.

ಪರೀಕ್ಷೆಯ ದಿನ ಬಂತು. ಪ್ರೆಸ್ಸಿನ ಮುಂದೆ ಭಾಗ್ಯಾ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಕೆಲಸದಲ್ಲಿ ಹಿಂದಿ, ನಡುನಡುವೆ ಕನ್ನಡ, ಡೊಂಬಿವಲಿಯಲ್ಲೇ ಹುಟ್ಟಿದ ಹೆಣ್ಣು. ಅಮೃತಪ್ಪನನ್ನು ಕೈ ಹಾಕಬಾರದೆಂದು ಕ್ಯಾಂಟೀನಿನಲ್ಲಿ ಕೂಡಿಸಿದ್ದರು. ಅವನು ಚಹಾ ಮುಗಿಸುವ ಮೊದಲೇ ಭಾಗ್ಯಾಳ ಕೂಗು ಕೇಳಿತು.

ಓಡಿಹೋಗಿ ನೋಡಿದರೆ ಒಂದೊಂದು ಗ್ಯಾಸ್ಕೆಟ್ಟಿಗೂ ಸುತ್ತ ರಬ್ಬರಿನ ನೆರಿಗೆ!

"ಕಾಕಾ, ಇದು ಗ್ಯಾಸ್ಕೆಟ್ಟಾ? ಝಾಲರ್‌ವಾಲಾ ಫ್ರಾಕ್!" ಎಂದಳು ಭಾಗ್ಯಾ.

ಸುಳ್ಳು ಯಾಕೆ ಹೇಳಬೇಕು, ಅಮೃತಪ್ಪನಿಗೆ ಮೊದಲು ಖುಷಿಯೇ ಆಯಿತು. "ನಾ ಅಂದಿದ್ನಿಲ್ಲೋ? ಈಕಿ ಯಾರ ಮಾತೂ..." ಅಷ್ಟರಲ್ಲಿ ಕುಬಸ ನೆನಪಾಯಿತು. ಮುಖ ಇಳಿಯಿತು.

ಪ್ರೇಮನಾಥರು ಬಂದರು. ಏನಾದರೂ ಕೆಟ್ಟರೆ 'ಯಾರು' ಎಂದು ಕೇಳಬಾರದು, 'ಯಾಕೆ' ಎಂದು ಕೇಳಬೇಕು, ಬುಡ ಸಿಗುವ ತನಕ ಕೇಳುತ್ತಲೇ ಹೋಗಬೇಕು. ಇದು ಆ ಕಾರ್ಖಾನೆಯ ರೂಢಿ.

"ರಬ್ಬರ್ ಹೊರಗೆ ಯಾಕೆ ಬಂತು?"

"ಪ್ರೆಷರ್ ಜ್ಯಾದಾ ಥಾ ಸರ್" ಎಂದಳು ಭಾಗ್ಯಾ.

"ಜಾಸ್ತಿ ಯಾಕೆ ಇಟ್ಟದ್ದು?"

"ಕಾರ್ಡ್ ಮೇ ಫುಲ್ ಲಿಖಾ ಹೈ ನಾ! ಕಾರ್ಡ್ ಬಿಟ್ಟು ಏನೂ ಮಾಡ್ಬೇಡ ಅಂತ ನೀವೇ ಹೇಳಿದ್ರಿ."

"ಫುಲ್ ಅಂತ ಯಾಕೆ ಬರೆದದ್ದು ಅನಿಲ್?"

"ಅಮೃತಪ್ಪನವರೇ ಹೇಳಿದ್ದು ಸಾರ್."

"ನಾ ಯಾವಾಗ ಅಂದೆ? ಹಚ್ರಿ ಅದನ್ನ, ಕೇಳೂಣು!" ಎಂದು ಅಮೃತಪ್ಪ ಗುಡುಗಿದ.

ಅನಿಲಕುಮಾರ ಮೊಬೈಲ್ ಹಚ್ಚಿದ. ಒಳಗಿನ ಅಮೃತಪ್ಪ ಮೀಸೆ ತಿರುವುತ್ತ ಹೇಳುತ್ತಿದ್ದ: "ಏನಿಲ್ರಿ, ಪ್ರೆಷರ್ ಬರೋಬ್ಬರಿ ಇಡ್ರಿ. ಮುಗೀತು."

"ಕೇಳಿದ್ರಾ ಸಾರ್? ಬರೋಬ್ಬರಿ!"

"ಹೌದ್ರೀ, ಬರೋಬ್ಬರಿ! ಅದರಾಗ ಫುಲ್ ಎಲ್ಲಿ ಬಂತು?"

"ಬರೋಬ್ಬರಿ ಅಂದ್ರೆ ಫುಲ್ಲೇ ಅಲ್ವಾ? ನಮ್ಮ ಕಡೆ ಬರೋಬ್ಬರಿ ಒಂದು ಕೋಟಿ ಅಂದ್ರೆ, ಅಬ್ಬಬ್ಬಾ ಅಷ್ಟೊಂದು ಅಂತ!"

"ನಮ್ಮ ಕಡೆ ಬರೋಬ್ಬರಿ ಅಂದ್ರ ಹೆಚ್ಚೂ ಇಲ್ಲ, ಕಡಿಮಿನೂ ಇಲ್ಲ. ಸರಿಯಾಗಿ! ಎಲ್ಲಿ ಕೋಟಿ ತಂದೀಯೋ ಮಾರಾಯಾ!"

ಭಾಗ್ಯಾ ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟಳು. "ಬರೋಬರ್! ಅರೆ, ರಿಕ್ಷಾವಾಲಾ ದಿನಾ ಬೋಲ್ತಾ ಹೈ. ನನ್ನ ಕೇಳ್ಬೇಕಿತ್ತು ನಾ ಸರ್!"

ಡೊಂಬಿವಲಿಯ ಬೀದಿಬೀದಿಯಲ್ಲಿ ಓಡಾಡುವ ಮರಾಠಿ ಮಾತು ಅದು. ವಿಜಯಪುರದ ಬಾಯಿಂದ ಹೊರಟು, ಮೈಸೂರಿನ ಕಿವಿ ಹೊಕ್ಕು, ಹಿಂದಿಯ ಅಂಗಿ ತೊಟ್ಟು, ತನ್ನೂರಿನ ಭಾಗ್ಯಾಳ ಹತ್ತಿರ ಬರುವಷ್ಟರಲ್ಲಿ ಗುರುತೇ ಸಿಗದ ಹಾಗಾಗಿತ್ತು.

ಎಲ್ಲರೂ ನಕ್ಕರು. ಆದರೆ ಪ್ರೇಮನಾಥರ ಹತ್ತಿರ ಇನ್ನೂ ಒಂದು 'ಯಾಕೆ' ಉಳಿದಿತ್ತು. "ಅದು ಸರಿ ಅಮೃತಪ್ಪ. ಬರೋಬ್ಬರಿ ಅಂದ್ರೆ ಮುಳ್ಳು ಎಲ್ಲಿಗೆ ಬರ್ಬೇಕು ಅಂತ ನೀವು ಯಾಕೆ ಹೇಳ್ಲಿಲ್ಲ?"

ಅಮೃತಪ್ಪ ಪ್ರೆಷರ್ ತೋರಿಸುವ ಮೀಟರಿನ ಕಡೆ ನೋಡಿದ. ಯಾರ ಮನೆಯ ಗಡಿಯಾರವೋ ಎನ್ನುವ ಹಾಗೆ ನೋಡಿದ. ಇಷ್ಟು ವರ್ಷ ಅವನು ಅದರ ಮುಳ್ಳನ್ನು ಓದಿದವನೇ ಅಲ್ಲ. "ಅದು... ಕೈಗೆ ತಿಳೀತದ್ರಿ."

"ಆವತ್ತು ಕೈ ಘೋಡಬಂದರ್ ರಸ್ತೆಗೆ ಹೋಗ್ತದಲ್ಲ ಮಾರಾಯ್ರೇ!"

ಆ ಮಾತು ನಾಟಿತು. ಅಮೃತಪ್ಪ ಅಂಗಿಯ ತೋಳು ಮಡಚಿದ. "ಬಾರವಾ ಭಾಗ್ಯಾ. ನಾ ಒತ್ತತೇನಿ, ನೀ ಮುಳ್ಳ ನೋಡು." ಅವನ ಕೈ 'ಹೂಂ' ಅಂದ ಜಾಗದಲ್ಲಿ ಮುಳ್ಳು ನಿಂತಿತು. ಮತ್ತೆ ಮತ್ತೆ ಮಾಡಿದರೂ ಅಲ್ಲೇ ಆಸುಪಾಸಿನಲ್ಲಿ ನಿಂತಿತು. ಮೀಟರಿನ ಗಾಜಿನ ಮೇಲೆ ಭಾಗ್ಯಾ ಅಷ್ಟು ಜಾಗಕ್ಕೆ ಹಸಿರು ಬಣ್ಣ ಬಳಿದಳು. ಉಸಿರು ಬಿಡಿಸುವುದು ಯಾವಾಗ ಎಂದರೆ "ಸುಸ್ಸ್ ಅಂತದಲ್ಲ, ಆವಾಗ" ಅಂದ. ಅನಿಲಕುಮಾರ ಈ ಸಲ ಬರೆಯುವ ಗೊಡವೆಗೆ ಹೋಗಲಿಲ್ಲ. ಸದ್ದನ್ನೇ ಮೊಬೈಲಿನಲ್ಲಿ ಹಿಡಿದ.

ಎರಡನೆಯ ಪರೀಕ್ಷೆಯಲ್ಲಿ ಅಮೃತಪ್ಪ ಮತ್ತೆ ಕ್ಯಾಂಟೀನಿಗೆ ಹೋದ. ಚಹಾ ಮುಗಿಯಿತು, ಇನ್ನೊಂದು ಚಹಾ ಮುಗಿಯಿತು, ಯಾರೂ ಕೂಗಲಿಲ್ಲ. ತಾನಾಗಿಯೇ ಎದ್ದು ಬಂದ. ಟ್ರೇ ತುಂಬ ನುಣ್ಣನೆಯ ಗ್ಯಾಸ್ಕೆಟ್ಟುಗಳು. ಒಂದನ್ನು ಎಳೆದು, ಮಡಚಿ, ಬೆಳಕಿಗೆ ಹಿಡಿದು ತಪ್ಪು ಹುಡುಕಿದ. ಸಿಗಲಿಲ್ಲ. "ನಡೀತದ" ಎಂದ, ದೊಡ್ಡ ಮನಸ್ಸು ಮಾಡಿ.

ಕುಬಸದ ದಿನ ಅದೇ ಕೇಸರಿ ರುಮಾಲು. ಫೋನು ರತ್ನಾಬಾಯಿಯ ಪರ್ಸಿನಲ್ಲಿ ಬಂದಿ. ಹಸಿರು ಸೀರೆಯುಟ್ಟ ಶಿವಾನಿಗೆ ಬಳೆ ತೊಡಿಸಿ ಮುಗಿಸಿದ್ದರು, ಉಡಿ ತುಂಬಬೇಕು, ಅಷ್ಟರಲ್ಲಿ ಪರ್ಸು ರಿಂಗಣಿಸತೊಡಗಿತು. ಶಿವಾನಿ ಅಪ್ಪನ ಮುಖ ನೋಡಿದಳು. ಅಮೃತಪ್ಪನ ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು.

"ಕೂಡ್ರಿ!" ಎಂದು ಗದರಿ ರತ್ನಾಬಾಯಿ ತಾನೇ ಫೋನೆತ್ತಿದಳು. ಆ ಕಡೆಯಿಂದ ಭಾಗ್ಯಾ: "ಕಾಕೂ, ಕಾಕಾಂಗೆ ಫೋನ್ ಕೊಡ್ಬೇಡಿ! ಇಲ್ಲಿ ಸಬ್ ಠೀಕ್. ಪ್ರೇಮನಾಥ್ ಸರ್‌ಗೆ ಕೇಳಿ ರಬ್ಬರ್ ಪಟ್ಟಿ ಸ್ವಲ್ಪ ಬೆಚ್ಚಗೆ ಮಾಡಿ ಹಾಕಿದೆ, ಗುಳ್ಳೆ ಇನ್ನೂ ಕಮ್ಮಿ ಆಯ್ತು. ಅಷ್ಟೇ ಹೇಳ್ಬೇಕಿತ್ತು. ಶಿವಾನಿ ದೀದಿಗೆ ಬಧಾಯಿ!"

ರತ್ನಾಬಾಯಿ ಫೋನಿಟ್ಟು ಇಡೀ ಹಾಲ್‌ಗೆ ಕೇಳುವಂತೆ ಹೇಳಿದಳು, "ಏನ್ರೀ, ನಮ್ಮ ಸವತಿ ಭಾಗ್ಯಾನ ಮಾತೂ ಕೇಳ್ತಾಳಂತ. ನಿಮ್ಮಕಿಂತ ಚಲೋ ಕೇಳ್ತಾಳಂತ!"

ಅಮೃತಪ್ಪನ ಮೀಸೆ ಒಂದು ಕ್ಷಣ ಜೋತುಬಿತ್ತು. ಆಮೇಲೆ ತಾನೇ ಎದ್ದುನಿಂತಿತು. "ಕೇಳಲಾರದ ಏನ್ ಮಾಡ್ತಾಳ? ಕಲಿಸಿದವ ಯಾರು!"

ಉಡಿ ತುಂಬಿತು. ಮಗಳ ಬಾಯಿಗೆ ಅಪ್ಪ ಸಿಹಿ ಇಟ್ಟ. ಫೋಟೋದ ಹೊತ್ತಿಗೆ ಸೋದರಮಾವ ರೂಢಿಯಂತೆ ಮುಂದೆ ಬಂದ, ಶಿವಾನಿ ಅವನನ್ನು ನಗುತ್ತಲೇ ಆಚೆ ಸರಿಸಿದಳು.

ಊಟದ ಪಂಕ್ತಿಯಲ್ಲಿ ಅಮೃತಪ್ಪನ ಪಕ್ಕ ಕೂತವನು ಅನಿಲಕುಮಾರ. ಎಂಜಿನಿಯರನೂ ಊಟಕ್ಕೆ ಬಂದಿದ್ದ, ಪ್ರೆಸ್ಸು ನಡೆಯುತ್ತಲೇ ಇತ್ತು. ಹೋಳಿಗೆ ಬಡಿಸುವವನು ಬಂದು, "ಯಜಮಾನ್ರ, ಎಷ್ಟು ಹಾಕ್ಲಿ?" ಅಂದ.

"ಬರೋಬ್ಬರಿ ಹಾಕಪಾ!"

ಅನಿಲಕುಮಾರ ಬಡಿಸುವವನ ಕೈ ಹಿಡಿದ. "ಒಂದ್ ನಿಮಿಷ ಸಾರ್. ಯಾವ ಬರೋಬ್ಬರಿ? ನಿಮ್ಮ ಕಡೇದಾ, ನಮ್ಮ ಕಡೇದಾ?"

ಅಮೃತಪ್ಪ ಬೆಲ್ಟು ಸಡಿಲಿಸಿದ. "ಇವತ್ತ ನಿಮ್ಮ ಕಡೀದು!"