ನುಂಗುವ ಮುಂಚಿನ ಪ್ರಶ್ನೆ

ಬಿ-ಕಾಂಪ್ಲೆಕ್ಸ್ ಮಾತ್ರೆಯ ವಾಸನೆ ನಿಮಗೂ ಗೊತ್ತಿರುತ್ತದೆ. ಹೋದ ವಾರ ಯಲಹಂಕದ ಮನೆಯಲ್ಲಿ ಅಮ್ಮನ ಮಾತ್ರೆ ಡಬ್ಬಿ ತೆರೆದಾಗ ಅದೇ ಮೊದಲು ಮೂಗಿಗೆ ಬಡಿಯಿತು. ಅಮ್ಮ ಹೋಗಿ ಇನ್ನೂ ತಿಂಗಳಾಗಿಲ್ಲ. ವಾಸನೆಗೆ ಅಷ್ಟು ತಿಳಿವಳಿಕೆ ಇರುವುದಿಲ್ಲ.

ವರ್ಷಗಳ ಹಿಂದೆ, ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದುಕೊಂಡೇ ನಾನು ಫಾರ್ಮಸಿ ಸೀಟಿಗಾಗಿ ಎರಡನೇ ಸಲ ಸಿಇಟಿಗೆ ಓದುತ್ತಿದ್ದೆ. ಮೊದಲ ಸಲದ ರ‍್ಯಾಂಕು ಫೋನ್ ನಂಬರಿನಷ್ಟು ಉದ್ದವಿತ್ತು. ಸಂಜೆ ಆರ್.ಟಿ. ನಗರದಲ್ಲಿ ಕೋಚಿಂಗ್. ಹೆಬ್ಬಾಳ ಫ್ಲೈಓವರಿನ ಟ್ರಾಫಿಕ್ಕಿನ ಕೃಪೆಯಿಂದ ಅರ್ಧ ರಸಾಯನಶಾಸ್ತ್ರ ನಿಂತ ಬಸ್ಸಿನಲ್ಲೇ ಮುಗಿಯಿತು. ಭೌತಶಾಸ್ತ್ರಕ್ಕೆಂದು ಇಳಿಜಾರಿನಲ್ಲಿ ಉರುಳುವ ಚಕ್ರದ ವೇಗದ ಲೆಕ್ಕವನ್ನೂ ಕಲಿತೆ. ಕೆಮ್ಮಿನ ಸಿರಪ್ ಕೇಳಿ ಬರುವವರಿಗೆ ಅದು ಬಹಳ ಉಪಯೋಗವಂತೆ.

ಪಕ್ಕದ ಮನೆಯ ಆಂಟಿ ಕಾಂಪೌಂಡಿನಾಚೆಯಿಂದ ಕೇಳಿದ್ದರು: "ಮಾತ್ರೆ ಮಾರೋಕೂ ಕಾಲೇಜು ಬೇಕೇನ್ರೀ?"

"ಡಾಕ್ಟ್ರು ಬರ್ದಿದ್ದನ್ನ ಓದೋಕೆ ಬೇಡ್ವಾ?" ಎಂದಿದ್ದಳು ಅಮ್ಮ.

ಬಾಗಲೂರಿನ ಕಡೆಯವಳು ಅಮ್ಮ, ಓದಿದ್ದು ಏಳನೇ ಕ್ಲಾಸು. ಕೋಚಿಂಗಿನವರ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಒಂದು ಮಾತ್ರೆಯನ್ನೂ ತೋರಿಸದೆ ಅದೆಂಥ ಪಾಠ? ಹಾಗಾಗಿ ತಾನೇ ಪ್ರಯೋಗಶಾಲೆಯಾದಳು. ಬೆಳಿಗ್ಗೆ ಒಂದು ಅಂಗೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ನೀರಿನ ಲೋಟ.

"ಇದು ಯಾತಕ್ಕೆ ಅಂತ ಯೋಳು. ಆಮೇಲೆ ನುಂಗ್ತೀನಿ."

"ಅಮ್ಮಾ, ಸಿಇಟೀಲಿ ಇದನ್ನ ಕೇಳಲ್ಲ."

"ಕೇಳ್ದಿದ್ರೆ ಅವ್ರಿಗೇ ಬುದ್ಧಿ ಇಲ್ಲ. ನೀ ಯೋಳು."

ನಾನು ತಡವರಿಸಿದಷ್ಟೂ ಅವಳ ಬಿಪಿ ಏರುತ್ತಿತ್ತು. ಬಿಪಿ ಮಾತ್ರೆಯ ಅಗತ್ಯವನ್ನು ಅಷ್ಟು ಪ್ರತ್ಯಕ್ಷವಾಗಿ ಮುಂದೆ ಯಾವ ಪ್ರೊಫೆಸರೂ ತೋರಿಸಲಿಲ್ಲ. ಒಂದು ದಿನ, ತಿಂಡಿಗೆ ಮುಂಚೆ ನುಂಗಬೇಕಾದ ಗ್ಯಾಸ್ ಮಾತ್ರೆಯನ್ನು ಮಂಡಿನೋವಿಗೆ ಎಂದುಬಿಟ್ಟೆ. ಅವಳು ಮಾತ್ರೆಯನ್ನೂ ನುಂಗಲಿಲ್ಲ, ತಿಂಡಿಯನ್ನೂ ಮುಟ್ಟಲಿಲ್ಲ. ಭಾವಿ ಫಾರ್ಮಸಿಸ್ಟು ಮೆಡಿಕಲ್ ಸ್ಟೋರಿಗೆ ಓಡಿ, ಕೇಳಿಕೊಂಡು ಬಂದು ಉತ್ತರ ಒಪ್ಪಿಸಿದ ಮೇಲೆ ಅವಳು ಮಾತ್ರೆ ನುಂಗಿ, ತಣ್ಣಗಾದ ಉಪ್ಪಿಟ್ಟು ತಿನ್ನುತ್ತಾ, "ಪರ್ವಾಗಿಲ್ಲ, ಸೀಟ್ ಸಿಕ್ತದೆ" ಎಂದಳು.

ಸಿಕ್ಕಿತು. ಪರೀಕ್ಷೆಯಲ್ಲಿ ಚಕ್ರ ಬಂದಿತ್ತು, ಮಾತ್ರೆ ಬಂದಿರಲಿಲ್ಲ. ಓದು ಮುಗಿದು ತಣಿಸಂದ್ರದ ಅಂಗಡಿಯಲ್ಲಿ ನಾನು ಕೆಲಸಕ್ಕೆ ನಿಂತ ಮೇಲೂ ಅಮ್ಮ ಪ್ರಶ್ನೆ ಬಿಡಲಿಲ್ಲ.

ಕೊನೆಗೆ ಆಸ್ಪತ್ರೆಯಲ್ಲಿ ಔಷಧಿ ನಳಿಕೆಯಲ್ಲಿ ಹೋಗುತ್ತಿತ್ತು. ಯಾತಕ್ಕೆ ಎಂದು ಕೇಳಲು ಅವಳಿಗೆ ಮಾತು ಹೊರಡುತ್ತಿರಲಿಲ್ಲ. ಆದರೂ ಪ್ರತಿಯೊಂದನ್ನೂ ಅವಳ ಕಿವಿಯ ಹತ್ತಿರ ಹೇಳಿದೆ.

ಡಬ್ಬಿಯಲ್ಲಿ ಒಂದೇ ಒಂದು ಬಿಪಿ ಮಾತ್ರೆ ಉಳಿದಿತ್ತು. ಅವಧಿ ಮೀರಿದ್ದನ್ನು, ಬೇಡವಾದದ್ದನ್ನು ಬೇರೆ ಹಾಕುವುದು ನನ್ನ ದಿನನಿತ್ಯದ ಕೆಲಸ. ಆ ಮಾತ್ರೆಯನ್ನು ಅಂಗೈಗೆ ಹಾಕಿಕೊಂಡೆ.

"ಬಿಪಿಗೆ ಅಮ್ಮ. ತಿಂಡಿ ಆದ್ಮೇಲೆ."

ಉತ್ತರ ಸರಿಯಾಗಿತ್ತು. ಅಂಗೈ ನನ್ನದಾಗಿತ್ತು.