ಅಳಿಸದೆ ಉಳಿದ ಸೇವಂತಿಗೆ

೨೦೧೨ರಲ್ಲಿ ನಾನು ಅಮೆರಿಕದ ಲೊಂಬಾರ್ಡ್‌ನ ಒಂದು ಹರಾಜು ಸಂಸ್ಥೆಯಲ್ಲಿ ಹಳೆಯ ಬಂದೂಕುಗಳ ಕ್ಯಾಟಲಾಗರ್ ಆಗಿದ್ದೆ. ಡೆಟ್ರಾಯಿಟ್‌ನ ಕಾರು ಕಾರ್ಖಾನೆಯಲ್ಲಿ ಟೂಲ್ ಎಂಜಿನಿಯರ್ ಆಗಿದ್ದವನಿಗೆ ಕೆಲಸ ಹೋದ ಮೇಲೆ ಸಿಕ್ಕ ಉದ್ಯೋಗ ಅದು. ವಸ್ತು ಯಾವ ಕಾಲದ್ದು, ಯಾರ ಕೈಗೆ ಹೇಗೆ ಬಂತು ಎಂದು ನೋಡಿ ಬರೆಯಬೇಕು. "ಪಟಾಕಿಗೇ ಕಿವಿ ಮುಚ್ಕೊಳ್ಳೋರಿಗೆ ಬಂದೂಕಿನ ಉಸಾಬರಿ" ಎಂದು ನನ್ನ ಹೆಂಡತಿ ಗೇಲಿ ಮಾಡುತ್ತಿದ್ದಳು. ಆ ವರ್ಷ ಗೇಲಿ ಮಾಡಲು ಅವಳು ಬದುಕಿರಲಿಲ್ಲ.

ಅಕ್ಟೋಬರ್‌ನಲ್ಲಿ ಡೆಟ್ರಾಯಿಟ್ ಪಕ್ಕದ ಊರೊಂದರಿಂದ ಕರೆ ಬಂತು. ಎಂಬತ್ತಾರು ವರ್ಷದ ಡೊರೊತಿ ಎಂಬಾಕೆ ಮನೆ ಮಾರಿ ಸೀನಿಯರ್ ಹೋಮ್‌ಗೆ ಹೋಗುವವರಿದ್ದರು. ತೀರಿಕೊಂಡ ಗಂಡ ವಾಲ್ಟರ್ ಯುದ್ಧದಿಂದ ತಂದಿದ್ದ ರೈಫಲ್ಲನ್ನು ಅಲ್ಲಿಗೆ ಒಯ್ಯುವಂತಿರಲಿಲ್ಲ. ನನಗೆ ಸುಮಾರು ಇನ್ನೂರೆಂಬತ್ತು ಮೈಲಿ ಡ್ರೈವ್. ನಾನು ದಾರಿಯಲ್ಲಿದ್ದಾಗ ಶಾಮ್‌ಬರ್ಗ್‌ನಲ್ಲಿರುವ ಮಗಳು ಫೋನ್ ಮಾಡಿದಳು.

"ಅಪ್ಪ, ಆರ್ ಯು ಓಕೆ?"

"ನನಗೇನಾಗಿದೆ? ಚೆನ್ನಾಗಿದೀನಿ."

ಎಂದಿನಂತೆ ಒಂದೇ ನಿಮಿಷದಲ್ಲಿ ಮಾತು ಮುಗಿಯಿತು.

ಅದು ಜಪಾನಿ ಸೈನ್ಯದ ಟೈಪ್ ೯೯ ರೈಫಲ್. ೧೯೩೯ರ ಮಾದರಿ, ೭.೭ ಮಿಲಿಮೀಟರ್ ಗುಂಡು. ಇದು ಬೋಲ್ಟ್ ಆಕ್ಷನ್, ಎಂದರೆ ಪ್ರತಿ ಗುಂಡಿಗೂ ಪಕ್ಕದ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ಮತ್ತೆ ಮುಂದಕ್ಕೆ ತಳ್ಳಬೇಕು. ನಳಿಕೆ ಬಂದು ಸೇರುವ ಉಕ್ಕಿನ ಮೇಲೆ ಹದಿನಾರು ಎಸಳಿನ ಸೇವಂತಿಗೆ ಇರುತ್ತದೆ, ಚಕ್ರವರ್ತಿಯ ಮುದ್ರೆ. ಜಪಾನ್ ಶರಣಾದ ಮೇಲೆ ಒಪ್ಪಿಸಿದ ರೈಫಲ್‌ಗಳಲ್ಲಿ ಆ ಹೂವನ್ನು ಸಾಮಾನ್ಯವಾಗಿ ಉಜ್ಜಿ ಅಳಿಸಿಬಿಡುತ್ತಿದ್ದರು. ಇದರಲ್ಲಿ ಎಸಳುಗಳೆಲ್ಲ ಹಾಗೇ ಇದ್ದವು.

"ಯುದ್ಧ ಮುಗಿದ ಮೇಲೆ ಒಪ್ಪಿಸಿದ್ದ ರೈಫಲ್ ರಾಶಿಯಿಂದ ಎತ್ಕೊಂಡಿದ್ದಂತೆ. ಯಾರ ಮೇಲೂ ಗುಂಡು ಹಾರಿಸಿಲ್ಲ ಅಂತಿದ್ರು," ಎಂದರು ಡೊರೊತಿ. "ಹಾಗೇ ಬರ್ಕೊಳ್ಳಿ."

ನನ್ನ ಪೆನ್ನು ನಿಂತಿತು. ಹೂವು ಉಳಿದಿದೆ ಎಂದರೆ ರೈಫಲ್ ಬಹುಶಃ ರಣರಂಗದಲ್ಲೇ ಸಿಕ್ಕಿದ್ದು. ಸತ್ತ ಮನುಷ್ಯನನ್ನು ಹೆಂಡತಿಯ ಮುಂದೆ ಸುಳ್ಳುಗಾರನನ್ನಾಗಿ ಮಾಡುವ ಪಾಪ ನನಗೇಕೆ? ಆದರೆ ಆಕೆ ನನ್ನ ಮುಖ ನೋಡಿಬಿಟ್ಟಿದ್ದರು.

"ಏನಿದೆ, ಹೇಳಿ."

ಹೇಳಿದೆ. ಇದು ಪುರಾವೆಯಲ್ಲ, ಸಂಭವ ಮಾತ್ರ ಎಂದು ಎರಡೆರಡು ಸಲ ಹೇಳಿದೆ. ಆಕೆ ಆ ಹೂವಿನ ಮೇಲೆ ಬೆರಳಿಟ್ಟರು.

"ಪ್ರತಿ ಭಾನುವಾರ ಮಧ್ಯಾಹ್ನ ಬೇಸ್‌ಮೆಂಟ್‌ನಲ್ಲಿ ಇದನ್ನ ತೊಡೆ ಮೇಲಿಟ್ಕೊಂಡು ಒಬ್ಬರೇ ಕೂತಿರೋರು. ನಾನು ಮೆಟ್ಟಿಲಿಳಿದ್ರೆ ಎದ್ದುಬಿಡೋರು. ನನ್ನ ಜೊತೆ ಇರೋದೇ ಅವರಿಗೆ ಬೇಡ ಅಂದ್ಕೊಂಡಿದ್ದೆ, ಅರವತ್ತು ವರ್ಷ." ಬೆರಳು ತೆಗೆದು ಹೇಳಿದರು: "ಒಂದು ಮಾತು ಹೇಳಿದ್ರೆ ನಾನೂ ಪಕ್ಕದಲ್ಲಿ ಕೂತಿರ್ತಿದ್ದೆ."

ಕ್ಯಾಟಲಾಗ್‌ನಲ್ಲಿ "ಮುದ್ರೆ ಅಳಿಸಿಲ್ಲ" ಎಂದಷ್ಟೇ ಬರೆದೆ. ಉಳಿದದ್ದು ಆಕೆಗೆ ಸೇರಿದ್ದು.

ವಸ್ತುವನ್ನು ನೋಡಿ ನಡೆದದ್ದನ್ನು ಊಹಿಸುವುದನ್ನು ಕೆಲಸ ನನಗೆ ಕಲಿಸಿತ್ತು. ನಮ್ಮವರನ್ನು ಹಾಗೆ ಊಹೆಗೆ ಬಿಡಬಾರದು ಎಂದು ಕಲಿತದ್ದು ಮಾತ್ರ ಆ ದಿನ. ಹಿಂದಿರುಗುವಾಗ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ ಮಗಳಿಗೆ ನಾನೇ ಫೋನ್ ಮಾಡಿದೆ.

"ಬೆಳಗ್ಗೆ ಸುಳ್ಳು ಹೇಳಿದೆ ಪುಟ್ಟಿ. ಅಮ್ಮ ಇಲ್ದೆ ನನಗೆ ಆಗ್ತಿಲ್ಲ."

ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ ಅವಳು.

"ನನಗೂ ಆಗ್ತಿಲ್ಲಪ್ಪ," ಎಂದಳು.