ಸಾಕ್ಷಿ ಹೇಳಲಾರದ ರತ್ನಮ್ಮ

ಗೆಳೆಯರೇ, ಆದಿವಾಲದಲ್ಲಿ ನಮ್ಮ ಹೊಸ ಚರ್ಚ್ ಶುರುವಾಗಿ ಆರು ತಿಂಗಳು. ಅದರ ಘನತೆವೆತ್ತ ಸಭಾಹಿರಿಯನಾದ ನಾನು, ಮೂರು ಭಾನುವಾರದಿಂದ ಬಾರದ ರತ್ನಮ್ಮನಿಗೆ ಬುದ್ಧಿ ಹೇಳಲು ಇವತ್ತು ಬೆಳಿಗ್ಗೆ ಬೈಬಲ್ ಹಿಡಿದು ಹೋದೆ.

"ಯಾಕಮ್ಮ, ಸಭೆ ಬಿಟ್ಟೇಬಿಟ್ರಾ?"

"ಬಿಟ್ಟಿಲ್ಲಣ್ಣ. ಕಾಯಿಲೆ ವಾಸಿಯಾದೋರ್ನೆಲ್ಲ ಎಬ್ಬಿಸಿ, ದೇವ್ರೇ ವಾಸಿ ಮಾಡ್ದ ಅಂತ ಸಾಕ್ಷಿ ಹೇಳಿಸ್ತೀರಿ. ನಮ್ಮನೆಯೋರಿಗೂ ನೀವೆಲ್ಲ ಪ್ರಾರ್ಥನೆ ಮಾಡಿದ್ರಿ, ಉಳೀಲಿಲ್ಲ. ನಾನೆದ್ದು ಏನ್ ಹೇಳ್ಲಿ?"

ಉಪದೇಶಕ್ಕೆಂದು ಹಿಡಿದು ಹೋಗಿದ್ದ ಬೈಬಲನ್ನು ತೆರೆಯದೆ ಪಕ್ಕಕ್ಕಿಟ್ಟೆ. ಬಹಳ ಹೊತ್ತು ಅವರೆದುರು ಸುಮ್ಮನೆ ಕೂತೆ.

"ಏನೂ ಹೇಳಬ್ಯಾಡ್ರಿ. ಬಂದು ಕುಂತ್ಕಳ್ರಿ, ಯಾರೂ ಎಬ್ಬಿಸಲ್ಲ," ಅಂದೆ.

"ಹಂಗಾದ್ರೆ ಬರ್ತೀನಿ," ಎಂದು ಕಣ್ಣೊರೆಸಿಕೊಂಡರು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ನನ್ನನ್ನೇ ದಿಟ್ಟಿಸಿ, "ನೀವು ಅಷ್ಟೊತ್ತು ಬಾಯಿ ಮುಚ್ಕಂಡು ಕುಂತಿದ್ರಾ? ದೇವ್ರು ಇದಾನೆ ಬಿಡ್ರಿ," ಅಂದಳು.